ಒಂದು ಕಡತ, ಹಲವು ಭಾಷೆ

ಸಸ್ಯಶಾಸ್ತ್ರವನ್ನು ಓದುತ್ತಿರುವ ದಕ್ಷಿಣ ಕನ್ನಡ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು ಹಲಸಿನ ಮರವನ್ನು ಕುರಿತು ಪ್ರಬಂಧವೊಂದನ್ನು ಬರೆಯಲು ಗಣಕಯಂತ್ರದ ಮುಂದೆ ಕುಳಿತಿದ್ದಾಳೆಂದು ಭಾವಿಸೋಣ. ಪ್ರಬಂಧದ ಭಾಷೆ ಕನ್ನಡ. ಆದರೆ ಅವಳ ಮನೆಯಲ್ಲಿ ಆಡುವ ತುಳುವಿನಲ್ಲಿ ಹಲಸಿನ ಕಾಯಿಗೆ 'ಪೆಲಕಾಯಿ' ಎಂಬ ಹೆಸರುಂಟು; ಅದನ್ನು ಅವಳು ಬಿಡಲಾರಳು. ಸಂಸ್ಕೃತದಲ್ಲಿ ಇದು 'ಪನಸ'. ಶಾಸ್ತ್ರೀಯ ನಾಮವಾದ ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್ ಎಂಬುದನ್ನು ರೋಮನ್ ಲಿಪಿಯಲ್ಲಿಯೇ ಬರೆಯಬೇಕೆಂಬುದು ಸಸ್ಯಶಾಸ್ತ್ರದ ನಿಯಮ. (ಆರ್ಟೊಕಾರ್ಪಸ್ ಎಂದರೆ 'ರೊಟ್ಟಿಯ ಹಣ್ಣು'. ಶಬ್ದದ ಬೇರು ಗ್ರೀಕ್, ಹೆಸರಿನ ಉಡುಪು ಲ್ಯಾಟಿನ್.) ಕೊನೆಯಲ್ಲಿ ಒಂದು ಇಂಗ್ಲಿಷ್ ಗ್ರಂಥದಿಂದ ಎರಡು ವಾಕ್ಯಗಳನ್ನು ಉದ್ಧರಿಸಬೇಕಾಗಿದೆ. ಹೀಗೆ ಒಂದೇ ಪುಟದಲ್ಲಿ ಐದು ಭಾಷೆಗಳೂ ಎರಡು ಲಿಪಿಗಳೂ ಸೇರಿಕೊಂಡಿವೆ.

ಬರೆದು ಮುಗಿಸುವ ಹೊತ್ತಿಗೆ ಅವಳ ಪುಟದ ತುಂಬ ಕೆಂಪು ಅಲೆಗೆರೆಗಳು ಮೂಡಿರುತ್ತವೆ. 'ಪೆಲಕಾಯಿ' ತಪ್ಪು, ಆರ್ಟೊಕಾರ್ಪಸ್ ತಪ್ಪು, ಇಂಗ್ಲಿಷ್ ಉದ್ಧೃತಿಯಲ್ಲಿ ಬಣ್ಣ ಎಂಬರ್ಥದ 'ಕಲರ್' ಶಬ್ದವನ್ನು ಬ್ರಿಟಿಷರ ಕ್ರಮದಲ್ಲಿ 'ಯು' ಅಕ್ಷರ ಸೇರಿಸಿ ಬರೆದುದೂ ತಪ್ಪು. ವಾಸ್ತವವಾಗಿ ಇವುಗಳಲ್ಲಿ ಯಾವುದೂ ತಪ್ಪಲ್ಲ. ನಿಜವಾದ ಕಾಗುಣಿತದ ದೋಷವೊಂದು ಈ ಗೆರೆಗಳ ಕಾಡಿನೊಳಗೆ ಎಲ್ಲಿಯೋ ಅಡಗಿ ಕುಳಿತಿದೆ, ಅದನ್ನು ಹುಡುಕುವ ತಾಳ್ಮೆ ಈಗ ಅವಳಿಗೆ ಉಳಿದಿಲ್ಲ. ಅಷ್ಟಲ್ಲದೆ ಪ್ರತಿಯೊಂದು ರೋಮನ್ ಶಬ್ದ ಬಂದಾಗಲೂ ಕೀಲಿಮಣೆಯನ್ನು ಬದಲಾಯಿಸಿ, ಮತ್ತೆ ಹಿಂದಕ್ಕೆ ತಂದು, ಮರೆತು, ಅಳಿಸಿ, ಪುನಃ ಬರೆದು ಅವಳಿಗೆ ಬೇಸರ ಬಂದಿದೆ.

ಭಾಷೆಯನ್ನು ಬದಲಾಯಿಸುವುದು ಮಾತನಾಡುವಾಗ ನಮಗೆ ಕಷ್ಟವೇ ಅಲ್ಲ. ಬರೆಯುವ ಯಂತ್ರದಲ್ಲಿ ಮಾತ್ರ ಇದೇಕೆ ಇಷ್ಟು ತೊಡಕಾಗಿದೆ? ಹೊರಗಿನಿಂದ ಒಂದೇ ಕೆಲಸವೆಂದು ತೋರುವುದು ಯಂತ್ರದೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳಾಗಿರುವುದೇ ಇದಕ್ಕೆ ಕಾರಣ. ಕೀಲಿಮಣೆ ಒಂದು, ಅಕ್ಷರದ ಸಂಕೇತಸಂಖ್ಯೆ ಎರಡು, ಅಕ್ಷರದ ಆಕಾರವನ್ನು ಕೊಡುವ ಫಾಂಟು ಮೂರು, 'ಈ ಮಾತು ಇಂತಹ ಭಾಷೆಯದು' ಎಂದು ಕಡತದಲ್ಲಿ ದಾಖಲಾಗುವ ಗುರುತು ನಾಲ್ಕು. ಇವುಗಳಲ್ಲಿ ಒಂದನ್ನು ಬದಲಾಯಿಸಿ ಎಲ್ಲವನ್ನೂ ಬದಲಾಯಿಸಿದೆವೆಂದು ನಾವು ತಿಳಿಯುತ್ತೇವೆ. ಮೇಲೆ ಹೇಳಿದ ಕೆಂಪುಗೆರೆಗಳು ಬಹುಪಾಲು ಹುಟ್ಟುವುದು ಈ ತಿಳಿವಳಿಕೆಯಿಂದಲೇ.

ಹಿಂದಿನವರ ಕಷ್ಟ

ಅಚ್ಚುಮೊಳೆಗಳ ಕಾಲದ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನ ಮುಂದೆ ಕನ್ನಡದ ಮೊಳೆಗಳ ಗೂಡುಪೆಟ್ಟಿಗೆ ಇರುತ್ತಿತ್ತು, ಇಂಗ್ಲಿಷಿನದು ಬೇರೆ. ವಾಕ್ಯದ ನಡುವೆ ಇಂಗ್ಲಿಷ್ ಹೆಸರೊಂದು ಬಂದರೆ ಅವನ ಕೈ ಬೇರೊಂದು ಪೆಟ್ಟಿಗೆಗೆ ಹೋಗಿ ಮರಳಬೇಕಾಗಿತ್ತು. ಬೆರಳಚ್ಚು ಯಂತ್ರದಲ್ಲಿ ಆ ಸೌಲಭ್ಯವೂ ಇರಲಿಲ್ಲ. ಇಂಗ್ಲಿಷಿಗೆ ಜಾಗ ಬಿಟ್ಟು ಕನ್ನಡವನ್ನು ಹೊಡೆದು, ಹಾಳೆಯನ್ನು ಇನ್ನೊಂದು ಯಂತ್ರಕ್ಕೆ ಏರಿಸಬೇಕು, ಇಲ್ಲವೇ ಶಾಯಿಯಲ್ಲಿ ಕೈಯಿಂದ ತುಂಬಬೇಕು. ಶ್ರಮವೇನೋ ಹೆಚ್ಚು. ಆದರೆ ತಾನು ಯಾವ ಭಾಷೆಯ ಮುಂದೆ ಕುಳಿತಿದ್ದೇನೆಂಬ ವಿಷಯದಲ್ಲಿ ಬೆರಳಚ್ಚುಗಾರನಿಗೆ ಎಂದೂ ಸಂಶಯ ಬರುತ್ತಿರಲಿಲ್ಲ.

ಸಂಶಯಕ್ಕೆ ಎಡೆಮಾಡಿಕೊಟ್ಟುದು ಒಂದೇ ಕೀಲಿಗೆ ಎರಡು ಅರ್ಥಗಳನ್ನು ಕೊಡುವ ಉಪಾಯ. ತಂತಿ ಕಚೇರಿಗಳಲ್ಲಿದ್ದ ಟೆಲಿಪ್ರಿಂಟರನ್ನು ನೋಡಿ. ಅದರ ಪ್ರತಿ ಅಕ್ಷರಕ್ಕೂ ಐದು ವಿದ್ಯುತ್ ಸಂಜ್ಞೆಗಳು. ಪ್ರತಿಯೊಂದೂ 'ಇದೆ' ಅಥವಾ 'ಇಲ್ಲ'. ಎರಡರ ಐದನೆಯ ಘಾತ 32 ಆದುದರಿಂದ 32 ಸಂಕೇತಗಳು ಮಾತ್ರ ಸಾಧ್ಯ. 26 ಅಕ್ಷರಗಳನ್ನು ಕೊಟ್ಟ ಮೇಲೆ ಹತ್ತು ಅಂಕಿಗಳಿಗೆ ಎಡೆಯೆಲ್ಲಿ? ಆದಕಾರಣ ಎರಡು ಸಂಕೇತಗಳನ್ನು 'ಇನ್ನು ಮುಂದೆ ಅಕ್ಷರಗಳು', 'ಇನ್ನು ಮುಂದೆ ಅಂಕಿಗಳು' ಎಂಬ ಆಜ್ಞೆಗಳಿಗಾಗಿ ಮೀಸಲಿಟ್ಟರು. ಒಂದು ಆಜ್ಞೆ ಬಂದರೆ ಇನ್ನೊಂದು ಬರುವವರೆಗೆ ಅದೇ ಜಾರಿಯಲ್ಲಿರುವುದು. ಮಾರ್ಗದಲ್ಲಿ ಏನಾದರೂ ಅಡಚಣೆಯಾಗಿ ಈ ಆಜ್ಞೆ ಕೆಟ್ಟಿತೆಂದರೆ, ಮರ ಎಂಬರ್ಥದ ಇಂಗ್ಲಿಷ್ ಶಬ್ದ 'ಟ್ರೀ' ಅತ್ತ ಕಡೆ 5433 ಎಂದು ಅಚ್ಚಾಗುತ್ತಿತ್ತು. ಸಂಜ್ಞೆಗಳೆಲ್ಲ ಸರಿಯಾಗಿಯೇ ತಲುಪಿವೆ. ಅವುಗಳನ್ನು ಯಾವ ಪಟ್ಟಿಯಿಂದ ಓದಬೇಕೆಂಬುದೊಂದು ತಪ್ಪಿದೆ.

ನಮ್ಮ ಗಣಕಯಂತ್ರದ ಕೀಲಿಮಣೆಯ ಕಥೆಯೂ ಇದೇ. ಕೀಲಿಯನ್ನು ಒತ್ತಿದಾಗ ಯಂತ್ರಕ್ಕೆ ಹೋಗುವುದು ಅಕ್ಷರವಲ್ಲ, ಆ ಕೀಲಿಯ ಕ್ರಮಸಂಖ್ಯೆ. ಕ್ರಮಸಂಖ್ಯೆಯನ್ನು ಅಕ್ಷರವನ್ನಾಗಿ ಮಾಡುವುದು ಆ ಹೊತ್ತಿಗೆ ಜಾರಿಯಲ್ಲಿರುವ ವಿನ್ಯಾಸದ ಪಟ್ಟಿ. ಭಾರತ ಸರ್ಕಾರವು ಭಾರತೀಯ ಲಿಪಿಗಳೆಲ್ಲಕ್ಕೂ ಸಾಮಾನ್ಯವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ 'ಹಲಸು' ಎಂದು ಬರೆಯಲು ಒತ್ತಬೇಕಾದ ಕೀಲಿಗಳ ಮೇಲೆ ಇಂಗ್ಲಿಷಿನ ಯು, ಎನ್, ಎಂ, ಜಿ ಅಕ್ಷರಗಳಿವೆ. ಹಾಲು ಎಂಬರ್ಥದ 'ಮಿಲ್ಕ್' ಎಂಬ ಇಂಗ್ಲಿಷ್ ಶಬ್ದದ ನಾಲ್ಕು ಕೀಲಿಗಳನ್ನು ಇದೇ ವಿನ್ಯಾಸವಿದ್ದಾಗ ಒತ್ತಿದರೆ ತೆರೆಯ ಮೇಲೆ 'ಸಗತಕ' ಎಂದು ಮೂಡುವುದು. ಪುಸ್ತಕದ ಮೇಲೆ ಕಣ್ಣಿಟ್ಟು ಅರ್ಧ ಪುಟ ಬರೆದು, ತಲೆಯೆತ್ತಿ ನೋಡಿದಾಗ ಇಡೀ ಅರ್ಧ ಪುಟ 'ಸಗತಕ'ವಾಗಿರುವುದನ್ನು ಈ ಲೇಖಕ ಒಮ್ಮೆಯಲ್ಲ, ಹಲವು ಬಾರಿ ಕಂಡಿದ್ದಾನೆ.

ಸಂಖ್ಯೆಗಳ ವಿಷಯ

ಕೀಲಿಯಿಂದ ಹುಟ್ಟಿದ ಅಕ್ಷರವನ್ನು ಕಡತದಲ್ಲಿ ಸಂಖ್ಯೆಯಾಗಿ ಇಡಬೇಕಷ್ಟೆ. ಈ ಸಂಖ್ಯೆಗಳ ಚರಿತ್ರೆಯಲ್ಲಿ ಟೆಲಿಪ್ರಿಂಟರಿನ ಉಪಾಯವೇ ಮತ್ತೆ ಮತ್ತೆ ತಲೆದೋರಿತು. 1991ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾದ ಇಸ್ಕಿ ಎಂಬ ಸಂಕೇತಪಟ್ಟಿಯಲ್ಲಿ 'ಕ'ಕಾರದ ಸಂಖ್ಯೆ 179. ಕನ್ನಡದ ಕ, ದೇವನಾಗರಿಯ ಕ, ತೆಲುಗಿನ ಕ ಎಲ್ಲಕ್ಕೂ ಅದೇ 179. ಯಾವ ಲಿಪಿಯೆಂಬುದನ್ನು ಹೇಳಲು 239 ಎಂಬ ಸಂಖ್ಯೆಯನ್ನೂ ಅದರ ಹಿಂದೆಯೇ ಲಿಪಿಯ ಗುರುತನ್ನೂ ಮೊದಲು ಬರೆಯಬೇಕು. ನಮ್ಮ ವರ್ಣಮಾಲೆಗಳೆಲ್ಲ ಒಂದೇ ಕ್ರಮದವು ಎಂಬುದನ್ನು ಆಧರಿಸಿದ ಜಾಣತನದ ಏರ್ಪಾಡಿದು, ಒಂದು ಲಿಪಿಯ ಬರಹವನ್ನು ಇನ್ನೊಂದು ಲಿಪಿಗೆ ತಿರುಗಿಸುವುದು ಇದರಲ್ಲಿ ಬಹು ಸುಲಭ. ಆದರೆ ಬರಹದ ನಡುವಿನಿಂದ ಒಂದು ತುಂಡನ್ನು ಕತ್ತರಿಸಿ ಬೇರೆಡೆ ಅಂಟಿಸಿದರೆ ಹಿಂದೆಲ್ಲೋ ಇದ್ದ 239 ಅದರೊಡನೆ ಬರುವುದಿಲ್ಲ.

ಅದೇ ಕಾಲದಲ್ಲಿ ಬಳಕೆಗೆ ಬಂದ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು ಇನ್ನೂ ಒರಟಾದ ದಾರಿಯನ್ನು ಹಿಡಿದವು. ಇಂಗ್ಲಿಷ್ ಮೊದಲಾದ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ತೆಗೆದುಕೊಂಡು, ಅವುಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರಗಳನ್ನು ಕೂರಿಸಿದವು. ಅಲ್ಲಿ ಭಾಷೆ ಎಂದರೆ ಫಾಂಟು, ಫಾಂಟು ಎಂದರೆ ಭಾಷೆ. ಕಡತವನ್ನು ಪಡೆದವರ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತಿತ್ತು. ಹತ್ತು ಹದಿನೈದು ವರ್ಷಗಳ ಹಿಂದಿನ ಎಷ್ಟೋ ಪ್ರಬಂಧಗಳೂ ವರದಿಗಳೂ ಇಂದು ತೆರೆದರೆ ಇದೇ ಸ್ಥಿತಿಯಲ್ಲಿವೆ.

ಒಂದೇ ಕಡತದಲ್ಲಿ ಜಗತ್ತಿನ ಲಿಪಿಗಳನ್ನೆಲ್ಲ ಕೂಡಿಸುವ ಸಮಸ್ಯೆಯನ್ನು ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿದ್ದ ಜೋಸೆಫ್ ಬೆಕರ್ 1984ರ ಜುಲೈ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಸಾಮಾನ್ಯ ವಾಚಕರಿಗೆ ವಿವರಿಸಿದರು. ನಾಲ್ಕು ವರ್ಷಗಳ ಅನಂತರ, 1988ರಲ್ಲಿ, ಅವರೇ ಯೂನಿಕೋಡಿನ ಮೊದಲ ಯೋಜನೆಯನ್ನು ಬರೆದರು. 1991ರಲ್ಲಿ ಅದರ ಪ್ರಥಮ ಆವೃತ್ತಿ ಹೊರಬಿತ್ತು. ಇದರ ತತ್ತ್ವ ಸರಳವಾದುದು: ಯಾವ ಎರಡು ಲಿಪಿಗಳ ಅಕ್ಷರಗಳಿಗೂ ಒಂದೇ ಸಂಖ್ಯೆ ಇರಕೂಡದು. ಕನ್ನಡಕ್ಕೆ 3200ರಿಂದ 3327ರವರೆಗಿನ ಕ್ಷೇತ್ರ ದೊರಕಿತು. 'ಕ' ಈಗ 3221, ಬೇರೆ ಯಾವುದೂ 3221 ಅಲ್ಲ. ಇಂಗ್ಲಿಷಿನ ಸಣ್ಣಕ್ಷರಗಳು 97ರಿಂದ 122. ಹಿಂದೆ ಮುಂದೆ ಏನಿದ್ದರೂ ಸಂಖ್ಯೆಯನ್ನು ನೋಡಿದ ಕೂಡಲೇ ಲಿಪಿ ತಿಳಿಯುವುದು. 'ಇನ್ನು ಮುಂದೆ ಇಂತಹ ಲಿಪಿ' ಎಂಬ ಆಜ್ಞೆ ಬೇಕಿಲ್ಲ. ಫಾಂಟನ್ನು ಆರಿಸುವ ಕೆಲಸವನ್ನೂ ತಂತ್ರಾಂಶವೇ ಮಾಡಿಕೊಳ್ಳಬಲ್ಲುದು.

ಒಂದೆರಡು ಅಪವಾದಗಳುಂಟು. ಪದಗಳ ನಡುವಿನ ಖಾಲಿ ಜಾಗ, ಅಲ್ಪವಿರಾಮ, 1, 2, 3 ಎಂಬ ಅಂಕಿಗಳು ಎಲ್ಲ ಲಿಪಿಗಳಿಗೂ ಸೇರಿದ ಪೊತ್ತು ಆಸ್ತಿ. ಪದ್ಯದ ಸಾಲಿನ ಕೊನೆಗೆ ಹಾಕುವ ದಂಡಚಿಹ್ನೆಯ ಸಂಖ್ಯೆ 2404. ಅದು ಇರುವುದು ದೇವನಾಗರಿಯ ಕ್ಷೇತ್ರದಲ್ಲಿ. ಕನ್ನಡ ಪದ್ಯವನ್ನು ಬರೆದಾಗ ದಂಡ ಮಾತ್ರ ಕೆಲವು ವೇಳೆ ಬೇರೆ ಗಾತ್ರದಲ್ಲಿ ಕಾಣಿಸುವುದಕ್ಕೆ ಇದೇ ಕಾರಣ.

ಲಿಪಿ ಬೇರೆ, ಭಾಷೆ ಬೇರೆ

ಯೂನಿಕೋಡು ಬಂದ ಮೇಲೆ ಸಮಸ್ಯೆ ಮುಗಿಯಿತೆಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ಮುಗಿದುದು ಲಿಪಿಯ ಸಮಸ್ಯೆ. ನಮ್ಮ ವಿದ್ಯಾರ್ಥಿನಿಯ 'ಪೆಲಕಾಯಿ' ಮತ್ತು 'ಹಲಸು' ಎರಡೂ 3200ರಿಂದ 3327ರ ಒಳಗಿನ ಸಂಖ್ಯೆಗಳೇ. ತುಳು, ಕೊಡವ, ಕರ್ನಾಟಕದ ಕೊಂಕಣಿ, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಇವುಗಳನ್ನೆಲ್ಲ ಸಂಖ್ಯೆಯಿಂದ ಬೇರೆಮಾಡಲು ಸಾಧ್ಯವೇ ಇಲ್ಲ. 'ಉಂಡು' ಎಂಬ ಶಬ್ದವನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಅದಕ್ಕೆ 'ಊಟಮಾಡಿ' ಎಂದರ್ಥ. ತುಳುವಿನಲ್ಲಿ 'ಇದೆ' ಎಂದರ್ಥ. 'ಬಲೆ' ಎಂದರೆ ಕನ್ನಡಿಗನಿಗೆ ಮೀನು ಹಿಡಿಯುವ ಸಾಧನ, ತುಳುವನಿಗೆ 'ಬನ್ನಿ' ಎಂಬ ಕರೆ. ಅಕ್ಷರಗಳೂ ಒಂದೇ, ಸಂಖ್ಯೆಗಳೂ ಒಂದೇ.

ಆದಕಾರಣ ಪದಸಂಸ್ಕಾರಕದ ಕಡತದಲ್ಲಿ ಅಕ್ಷರಗಳಲ್ಲದೆ, ಪ್ರತಿಯೊಂದು ತುಂಡು ಬರಹಕ್ಕೂ ಅದರ ಭಾಷೆ ಯಾವುದೆಂಬ ಗುರುತು ಬೇರೆಯಾಗಿ ದಾಖಲಾಗಿರುವುದು. ಬರಹದ ದಪ್ಪ, ಓರೆ, ಬಣ್ಣ ಇವುಗಳನ್ನು ಹೇಗೆ ಬರೆದಿಡುತ್ತಾರೋ ಹಾಗೆಯೇ. ಕನ್ನಡಕ್ಕೆ 'ಕೆ-ಎನ್', ಸಂಸ್ಕೃತಕ್ಕೆ 'ಎಸ್-ಎ', ಲ್ಯಾಟಿನ್ನಿಗೆ 'ಎಲ್-ಎ', ತುಳುವಿಗೆ 'ಟಿ-ಸಿ-ವೈ' ಎಂದು ಅಂತರರಾಷ್ಟ್ರೀಯ ಸಂಕೇತಗಳಿವೆ. ಈ ಗುರುತು ಕಣ್ಣಿಗೆ ಕಾಣುವುದಿಲ್ಲ, ಮುದ್ರಿಸಿದರೂ ಮೂಡುವುದಿಲ್ಲ. ಆದುದರಿಂದಲೇ ಅದನ್ನು ಯಾರೂ ಗಮನಿಸುವುದಿಲ್ಲ.

ಆದರೆ ಅದನ್ನು ಅವಲಂಬಿಸಿರುವ ಕೆಲಸಗಳು ಅಲ್ಪವಲ್ಲ. ಯಾವ ನಿಘಂಟಿನಿಂದ ಕಾಗುಣಿತವನ್ನು ಪರೀಕ್ಷಿಸಬೇಕು, ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬೇಕು ಎಂಬುದನ್ನು ತಂತ್ರಾಂಶ ಈ ಗುರುತಿನಿಂದ ನಿರ್ಧರಿಸುವುದು. ಇವೆರಡಕ್ಕಿಂತಲೂ ಮುಖ್ಯವಾದುದೊಂದಿದೆ. ಕಣ್ಣು ಕಾಣದ ವಿದ್ಯಾರ್ಥಿಗಳು ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶದ ಮೂಲಕ ಓದುತ್ತಾರೆ. ಯಾವ ಭಾಷೆಯ ಉಚ್ಚಾರಣೆಯನ್ನು ಬಳಸಬೇಕೆಂದು ಅದಕ್ಕೆ ತಿಳಿಸುವುದೂ ಈ ಗುರುತೇ. ಪಿ, ಎ, ಐ, ಎನ್ ಎಂಬ ನಾಲ್ಕು ಅಕ್ಷರಗಳು ಇಂಗ್ಲಿಷಿನಲ್ಲಿ ನೋವು, ಫ್ರೆಂಚಿನಲ್ಲಿ ರೊಟ್ಟಿ, ಉಚ್ಚಾರಣೆಯೂ ಬೇರೆ. ಕಣ್ಣಿರುವವನು ಸಂದರ್ಭವನ್ನು ನೋಡಿ ತಿದ್ದಿಕೊಳ್ಳುತ್ತಾನೆ. ಕಿವಿಯಿಂದ ಓದುವವನು ಕೇಳಿದ್ದನ್ನೇ ನಂಬಬೇಕು. ಪಠ್ಯವನ್ನು ಸಿದ್ಧಪಡಿಸುವವರು ಗುರುತನ್ನು ಹಾಕದೆ ಬಿಟ್ಟರೆ ಅವನ ಪಾಲಿಗೆ ಒಂದು ವಾಕ್ಯವೇ ಕಳೆದುಹೋದಂತೆ.

ಇಲ್ಲಿ ಒಂದು ವಿಶೇಷವನ್ನು ತಿಳಿದಿರಬೇಕು. ಇಂದು ಪ್ರಚಾರದಲ್ಲಿರುವ ವರ್ಡ್, ಲಿಬ್ರೆ ಆಫೀಸ್ ಎರಡರ ಕಡತಗಳಲ್ಲಿಯೂ ಒಂದೊಂದು ತುಂಡು ಬರಹಕ್ಕೆ ಭಾಷೆಯ ಗುರುತಿಗಾಗಿ ಒಂದಲ್ಲ, ಮೂರು ಖಾನೆಗಳಿವೆ. ಪಾಶ್ಚಾತ್ಯ ಲಿಪಿಗಳಿಗೆ ಒಂದು. ಚೀನಾ, ಜಪಾನ್, ಕೊರಿಯಾ ದೇಶಗಳ ಲಿಪಿಗಳಿಗೆ ಒಂದು. ಅರಬ್ಬೀ, ಹೀಬ್ರೂ ಮತ್ತು ಭಾರತೀಯ ಲಿಪಿಗಳಂತಹ 'ಸಂಕೀರ್ಣ ಲಿಪಿ'ಗಳಿಗೆ ಮತ್ತೊಂದು. ಕನ್ನಡವು ಈ ಮೂರನೆಯ ಖಾನೆಗೆ ಸೇರಿದುದು. ವರ್ಡ್ ಕಡತದ ಒಳಗೆ ಈ ಖಾನೆಯ ಹೆಸರು 'ಬೈಡೈ', ಎಂದರೆ ಎರಡು ದಿಕ್ಕಿನದು ಎಂದಿದೆ. ಅರಬ್ಬೀ ಭಾಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟ ಹೆಸರು. ಎಡದಿಂದ ಬಲಕ್ಕೆ ನೇರವಾಗಿ ನಡೆಯುವ ಕನ್ನಡವೂ ಆ ಚೀಟಿಯನ್ನೇ ಹೊತ್ತುಕೊಂಡಿದೆ.

ಈ ಏರ್ಪಾಡಿನಿಂದ ಒಂದು ಲಾಭವೂ ಒಂದು ನಷ್ಟವೂ ಉಂಟು. ಕನ್ನಡ ಮತ್ತು ಇಂಗ್ಲಿಷ್ ಎರಡೇ ಇರುವ ಕಡತದಲ್ಲಿ ಪಾಶ್ಚಾತ್ಯ ಖಾನೆಗೆ ಇಂಗ್ಲಿಷನ್ನೂ ಸಂಕೀರ್ಣ ಖಾನೆಗೆ ಕನ್ನಡವನ್ನೂ ಮೊದಲು ಒಮ್ಮೆ ನಮೂದಿಸಿದರೆ ಸಾಕು. ಅಕ್ಷರದ ಸಂಖ್ಯೆಯನ್ನು ನೋಡಿ ತಂತ್ರಾಂಶವು ತಾನೇ ಖಾನೆಯನ್ನು ಆರಿಸಿಕೊಳ್ಳುವುದು. ಅಲ್ಲಿ ಬರೆಯುವವನು ಬದಲಾಯಿಸಬೇಕಾದುದು ಕೀಲಿಮಣೆಯನ್ನು ಮಾತ್ರ. ಆದರೆ ಕನ್ನಡದೊಡನೆ ತುಳು ಬಂದಿತೋ, ಅಥವಾ ದೇವನಾಗರಿ ಲಿಪಿಯ ಹಿಂದಿಯೇ ಬಂದಿತೋ, ಅವೂ ಅದೇ ಸಂಕೀರ್ಣ ಖಾನೆಗೆ ಬೀಳುತ್ತವೆ. ಒಂದು ತುಂಡಿಗೆ ಆ ಖಾನೆಯಲ್ಲಿ ಒಂದೇ ಭಾಷೆಗೆ ಎಡೆ. ಲಿಪಿ ಬೇರೆಯಾಗಿದ್ದರೂ ಹಿಂದಿಯ ಮಾತನ್ನು ನಾವಾಗಿಯೇ ಹಿಂದಿಯೆಂದು ಗುರುತಿಸಬೇಕು. ಭಾಷೆಗಳು ಬೆರೆತಿರುವ ನಮ್ಮಂತಹ ದೇಶವನ್ನು ಈ ಖಾನೆಗಳನ್ನು ಕೊರೆದವರು ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ.

ಯಂತ್ರವೇ ಊಹಿಸಬಾರದೇ?

ಬರೆದ ಮಾತನ್ನು ನೋಡಿ ಭಾಷೆ ಯಾವುದೆಂದು ಯಂತ್ರವೇ ಕಂಡುಹಿಡಿದರೆ ಈ ತೊಂದರೆಯೆಲ್ಲ ತಪ್ಪುವುದಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕಂಡುಹಿಡಿಯಬಲ್ಲುದು, ಒಂದು ಮಿತಿಯವರೆಗೆ. 1994ರಲ್ಲಿ ಕ್ಯಾವ್ನರ್ ಮತ್ತು ಟ್ರೆಂಕಲ್ ಎಂಬಿಬ್ಬರು ವಿವರಿಸಿದ ವಿಧಾನ ಪ್ರಸಿದ್ಧವಾಗಿದೆ. ಪ್ರತಿಯೊಂದು ಭಾಷೆಯ ಸಾಕಷ್ಟು ಬರಹವನ್ನು ತೆಗೆದುಕೊಂಡು, ಒಂದಕ್ಷರ, ಎರಡಕ್ಷರ, ಮೂರಕ್ಷರ ಹೀಗೆ ಸಣ್ಣ ಸಣ್ಣ ತುಣುಕುಗಳನ್ನಾಗಿ ಮಾಡಿ, ಯಾವ ತುಣುಕು ಎಷ್ಟು ಸಲ ಬಂದಿದೆಯೆಂದು ಎಣಿಸಬೇಕು. ಹೆಚ್ಚು ಬಂದುದು ಮೊದಲು ಬರುವಂತೆ ಪಟ್ಟಿ ಮಾಡಬೇಕು. ಹೊಸ ಬರಹವೊಂದು ಸಿಕ್ಕಾಗ ಅದಕ್ಕೂ ಅಂತಹ ಪಟ್ಟಿಯನ್ನು ಮಾಡಿ, ಯಾವ ಭಾಷೆಯ ಪಟ್ಟಿಗೆ ಅದು ಹತ್ತಿರವೋ ಆ ಭಾಷೆಯೆಂದು ತೀರ್ಮಾನಿಸಬೇಕು. ಅರ್ಥದ ಗೊಡವೆಯೇ ಇಲ್ಲದ, ಬರಿಯ ಎಣಿಕೆಯಿಂದ ನಡೆಯುವ ಈ ಉಪಾಯ ಆಶ್ಚರ್ಯಪಡುವಷ್ಟು ಚೆನ್ನಾಗಿ ಕೆಲಸಮಾಡುವುದು.

ಆದರೆ ಎಣಿಸುವುದಕ್ಕೆ ಸರಕು ಬೇಕು. ಒಂದು ಪುಟವಿದ್ದರೆ ತಪ್ಪುವುದು ಅಪರೂಪ. ಒಂದು ವಾಕ್ಯವಿದ್ದರೆ ಬಹುಮಟ್ಟಿಗೆ ಸರಿ. ಒಂದೇ ಶಬ್ದವಿದ್ದರೆ? 'ಉಂಡು' ಎಂಬಲ್ಲಿ ಯಾವ ಎಣಿಕೆಯೂ ಸಹಾಯಕ್ಕೆ ಬಾರದು. ನಮ್ಮ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಪರಭಾಷೆಯ ಮಾತುಗಳು ಬರುವುದೇ ಒಂದು, ಎರಡು ಶಬ್ದಗಳಾಗಿ. ಎಂದರೆ ಎಲ್ಲಿ ಅವಶ್ಯಕತೆ ಹೆಚ್ಚೋ ಅಲ್ಲಿಯೇ ಯಂತ್ರದ ಊಹೆ ದುರ್ಬಲ. ಅಷ್ಟಲ್ಲದೆ ಅದು ತಪ್ಪಾಗಿ ಊಹಿಸಿದಾಗ ಮೌನವಾಗಿ ಗುರುತನ್ನು ಬದಲಾಯಿಸಿಬಿಡುವುದು. ನಾವು ಸರಿಯಾಗಿ ಹಾಕಿದ್ದ ಗುರುತು ಯಾವಾಗ ಹೋಯಿತೆಂಬುದೇ ತಿಳಿಯದು. ಇತ್ತೀಚಿನ ದೊಡ್ಡ ಭಾಷಾಮಾದರಿಗಳು ಹಿಂದಿನ ಮತ್ತು ಮುಂದಿನ ವಾಕ್ಯಗಳನ್ನು ನೋಡಿ ಇದಕ್ಕಿಂತ ಉತ್ತಮವಾಗಿ ಊಹಿಸಬಲ್ಲವು. ಊಹೆಯನ್ನು ಒಪ್ಪಿಗೆಗಾಗಿ ಮುಂದಿಡಲಿ, ಜಾರಿಮಾಡುವುದು ಬರೆಯುವವನ ಕೈಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ.

ಸುಲಭಗೊಳಿಸುವ ಬಗೆ

ಮೊದಲು ಕೀಲಿಮಣೆ. ವಿಂಡೋಸ್ ಯಂತ್ರಗಳಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದು ಅಂತರದ ಕೀಲಿಯನ್ನು ಒತ್ತಿದರೆ ಒಂದು ವಿನ್ಯಾಸದಿಂದ ಮುಂದಿನದಕ್ಕೆ ಹೋಗಬಹುದೆಂಬುದು ಹಲವರಿಗೆ ಗೊತ್ತು. ಇದರ ದೋಷವನ್ನು ಭೌತಶಾಸ್ತ್ರದ ತರಗತಿಯಲ್ಲಿ ನೀವು ಕಲಿತಿರುವ ಮೆಟ್ಟಿಲಿನ ದೀಪದಿಂದ ತಿಳಿಯಬಹುದು. ಮೆಟ್ಟಿಲಿನ ಕೆಳಗೊಂದು, ಮೇಲೊಂದು ಸ್ವಿಚ್ಚು. ಸ್ವಿಚ್ಚು ಯಾವ ಕಡೆಗೆ ವಾಲಿದೆಯೆಂದು ನೋಡಿ ದೀಪ ಉರಿಯುತ್ತಿದೆಯೇ ಇಲ್ಲವೇ ಎಂದು ಹೇಳಲಾಗದು, ದೀಪವನ್ನೇ ನೋಡಬೇಕು. ಹಾಗೆಯೇ ಒಂದೇ ಕೀಲಿಯಿಂದ ಅತ್ತಿತ್ತ ಬದಲಾಯಿಸುವಾಗ, ಒತ್ತುವುದಕ್ಕೆ ಮುಂಚೆ ಯಾವ ಸ್ಥಿತಿಯಿತ್ತೆಂಬುದು ನೆನಪಿಲ್ಲದಿದ್ದರೆ ಒತ್ತಿದ ಫಲವೇನೆಂದು ತಿಳಿಯದು. ತೆರೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಗುರುತು ಇರುತ್ತದೆ, ಸರಿ. ಬರೆಯುವವನ ಕಣ್ಣು ಇರುವುದು ಬರಹದ ಮೇಲೆ, ಮೂಲೆಯ ಮೇಲಲ್ಲ. ಮೆಕಿಂಟಾಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ 2000ದಲ್ಲಿ ಪ್ರಕಟಿಸಿದ 'ದಿ ಹ್ಯೂಮೇನ್ ಇಂಟರ್‌ಫೇಸ್' ಎಂಬ ಪುಸ್ತಕದಲ್ಲಿ ಇಂತಹ ತಪ್ಪುಗಳಿಗೆ ಮನುಷ್ಯನ ಅಜಾಗರೂಕತೆಯನ್ನು ದೂರುವುದು ಸಲ್ಲದೆಂದೂ ಯಂತ್ರದ ವಿನ್ಯಾಸವನ್ನೇ ತಿದ್ದಬೇಕೆಂದೂ ವಾದಿಸಿದ್ದಾರೆ.

ಪರಿಹಾರವು ಜಪಾನಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆಪಲ್ ಸಂಸ್ಥೆಯ ಜಪಾನೀ ಕೀಲಿಮಣೆಯಲ್ಲಿ ಅಂತರದ ಕೀಲಿಯ ಎಡಕ್ಕೆ 'ಏಇಸೂ' ಎಂಬ ಕೀಲಿ, ಬಲಕ್ಕೆ 'ಕಾನಾ' ಎಂಬ ಕೀಲಿ. ಎಡದ್ದನ್ನು ಒತ್ತಿದರೆ ರೋಮನ್, ಬಲದ್ದನ್ನು ಒತ್ತಿದರೆ ಜಪಾನೀ. ಮುಂಚೆ ಯಾವುದಿತ್ತೆಂಬ ಪ್ರಶ್ನೆಯೇ ಏಳುವುದಿಲ್ಲ. ಸಂಶಯ ಬಂದರೆ ಬೇಕಾದುದನ್ನು ಮತ್ತೊಮ್ಮೆ ಒತ್ತಿದರಾಯಿತು. ಕನ್ನಡಕ್ಕೆ ಅಂತಹ ಕೀಲಿಮಣೆ ನನಗೆ ಕಂಡುಬಂದಿಲ್ಲವಾದರೂ ಅದರ ಗುಣವನ್ನು ಪಡೆಯಬಹುದು. ವಿಂಡೋಸಿನ ಕೀಲಿಮಣೆಯ ಮುಂದುವರಿದ ಆಯ್ಕೆಗಳಲ್ಲಿ ಒಂದೊಂದು ಭಾಷೆಗೂ ಪ್ರತ್ಯೇಕ ಕೀಲಿಸಂಯೋಗವನ್ನು ಗೊತ್ತುಪಡಿಸಲು ಅವಕಾಶವಿದೆ. ಲಿನಕ್ಸಿನಲ್ಲಿ ಕ್ಯಾಪ್ಸ್ ಲಾಕ್ ಕೀಲಿಯನ್ನು ಒಂಟಿಯಾಗಿ ಒತ್ತಿದರೆ ಮೊದಲನೆಯ ವಿನ್ಯಾಸ, ಶಿಫ್ಟಿನೊಡನೆ ಒತ್ತಿದರೆ ಎರಡನೆಯದು ಎಂದು ಏರ್ಪಡಿಸಬಹುದು. ಐದು ನಿಮಿಷದ ಕೆಲಸ. ಇದನ್ನು ಮಾಡಿಕೊಂಡ ಮೇಲೆ ನನ್ನ 'ಸಗತಕ'ಗಳು ಬಹುಮಟ್ಟಿಗೆ ನಿಂತುಹೋದವು.

ಕೀಲಿಮಣೆಗೂ ಭಾಷೆಯ ಗುರುತಿಗೂ ಗಂಟುಹಾಕುವುದು ಎರಡನೆಯ ಉಪಾಯ. ಬರೆದಿರುವ ಮಾತಿನ ನಡುವೆ ಸೂಚಕವನ್ನು ತಂದಿಟ್ಟಾಗ, ಆ ಮಾತಿನ ಭಾಷೆಗೆ ತಕ್ಕಂತೆ ಕೀಲಿಮಣೆ ತಾನೇ ಬದಲಾಗುವ ಆಯ್ಕೆ ವರ್ಡಿನಲ್ಲಿ ಉಂಟು. ಹಳೆಯ ಕಡತವನ್ನು ತಿದ್ದುವಾಗ ಇದು ಬಹು ಉಪಯುಕ್ತ. ಲಿಬ್ರೆ ಆಫೀಸು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಬಲ್ಲುದು: ಯಾವ ಭಾಷೆಯ ಕೀಲಿಮಣೆಯಿಂದ ಬರೆದಿರೋ ಆ ಭಾಷೆಯ ಗುರುತನ್ನು ಬರಹಕ್ಕೆ ಅಂಟಿಸುವುದು. ಆದರೆ ಕನ್ನಡದ ಕೀಲಿಮಣೆಯಿಂದಲೇ ತುಳುವನ್ನೂ ಬರೆಯುವವರಿಗೆ ಈ ಗಂಟು ಮೋಸಮಾಡುವುದು. ಅಂಥವರು ಅದನ್ನು ಬಿಚ್ಚಿಡುವುದೇ ಲೇಸು. ಬಿಚ್ಚುವ ಆಯ್ಕೆಯೂ ಇದೆ.

ಮೂರನೆಯದು ಶೈಲಿಗಳ ಉಪಾಯ. ವಿದ್ಯಾರ್ಥಿಗಳು ಇದನ್ನು ಅವಶ್ಯವಾಗಿ ಕಲಿಯಬೇಕು. ಶೀರ್ಷಿಕೆಗಳಿಗೆ ಶೈಲಿಯನ್ನು ಬಳಸುವುದು ನಿಮಗೆ ಗೊತ್ತಿರಬಹುದು. ಅದರಂತೆ ಒಂದು ಪದಕ್ಕೂ, ಪದದ ಭಾಗಕ್ಕೂ ಹಾಕಬಹುದಾದ 'ಅಕ್ಷರ ಶೈಲಿ'ಗಳಿವೆ. ಅವುಗಳಲ್ಲಿ ಅಕ್ಷರದ ಓರೆ, ಗಾತ್ರಗಳೊಡನೆ ಭಾಷೆಯನ್ನೂ ಸೇರಿಸಬಹುದು. ನಮ್ಮ ವಿದ್ಯಾರ್ಥಿನಿ 'ಶಾಸ್ತ್ರೀಯ ನಾಮ' ಎಂಬ ಶೈಲಿಯೊಂದನ್ನು ಮಾಡಿ ಅದಕ್ಕೆ ಓರೆ ಅಕ್ಷರವನ್ನೂ ಲ್ಯಾಟಿನ್ ಭಾಷೆಯನ್ನೂ ಗೊತ್ತುಪಡಿಸಲಿ. 'ತುಳು ಮಾತು' ಎಂಬ ಇನ್ನೊಂದಿರಲಿ. ಪಟ್ಟಿಯಲ್ಲಿ ಭಾಷೆ ಸಿಗದಿದ್ದರೆ ಲಿಬ್ರೆ ಆಫೀಸಿನಲ್ಲಿ ಅದರ ಸಂಕೇತವನ್ನೇ ನೇರವಾಗಿ ಬರೆಯಬಹುದು. 'ಇಂಗ್ಲಿಷ್ ಉದ್ಧೃತಿ' ಎಂಬ ಮೂರನೆಯದಕ್ಕೆ ಬ್ರಿಟಿಷ್ ಇಂಗ್ಲಿಷನ್ನು ಹೇಳಲಿ. ಒಂದೊಂದು ಶೈಲಿಗೂ ಒಂದೊಂದು ಕೀಲಿಸಂಯೋಗವನ್ನು ಕೊಟ್ಟುಬಿಟ್ಟರೆ ಪದವನ್ನು ಆರಿಸಿ ಕೀಲಿ ಒತ್ತುವಷ್ಟರಲ್ಲಿ ಕೆಲಸ ಮುಗಿಯಿತು. ಶಾಸ್ತ್ರೀಯ ನಾಮವನ್ನು ಹೇಗಿದ್ದರೂ ಓರೆಯಾಗಿಸಲೇಬೇಕಾದುದರಿಂದ ಭಾಷೆಯ ಗುರುತಿಗೆ ಪ್ರತ್ಯೇಕವಾದ ಶ್ರಮವೇ ಬೀಳುವುದಿಲ್ಲ. ಪುನಃ ಪುನಃ ಬರೆಯುವವರು ಈ ಶೈಲಿಗಳಿರುವ ಖಾಲಿ ಕಡತವೊಂದನ್ನು ಮಾದರಿಯಾಗಿ ಇಟ್ಟುಕೊಂಡರೆ ಮುಂದಿನ ಪ್ರಬಂಧಕ್ಕೆ ಎಲ್ಲವೂ ಸಿದ್ಧ.

ಇಷ್ಟಾದರೂ ಬಗೆಹರಿಯದ ಒಂದು ತೊಡಕಿದೆ. ಅದು ನಮ್ಮ ಭಾಷೆಯ ಸ್ವಭಾವಕ್ಕೇ ಸೇರಿದುದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ನಾಮಪದಕ್ಕೆ ಅಂಟಿಕೊಳ್ಳುತ್ತವೆ. ಆರ್ಟೊಕಾರ್ಪಸ್ ಎಂದು ರೋಮನ್ ಲಿಪಿಯಲ್ಲಿ ಬರೆದು, ಅದರ ಬೆನ್ನಿಗೇ ಕನ್ನಡ ಲಿಪಿಯಲ್ಲಿ 'ನಲ್ಲಿ' ಎಂದು ಸೇರಿಸಬೇಕಾಗುವುದು. ನಡುವೆ ಖಾಲಿ ಜಾಗವಿಲ್ಲ. ಮನುಷ್ಯನಿಗೆ ಇದು ಒಂದು ಪದ. ಕಾಗುಣಿತ ಪರೀಕ್ಷಕನಿಗೆ ಮೊದಲರ್ಧ ಲ್ಯಾಟಿನ್ನಿನ ನಿಘಂಟಿನಲ್ಲಿ ಹುಡುಕಬೇಕಾದುದು, ಉಳಿದರ್ಧ ಯಾವ ನಿಘಂಟಿನಲ್ಲಿಯೂ ಸ್ವತಂತ್ರ ಪದವಾಗಿ ಇಲ್ಲದ ಪ್ರತ್ಯಯ. ಪದದೊಳಗೇ ಭಾಷೆ ಬದಲಾಗಬಹುದೆಂಬ ಕಲ್ಪನೆ ಪಾಶ್ಚಾತ್ಯ ಭಾಷೆಗಳಿಗಾಗಿ ಬೆಳೆದ ಈ ಸಾಧನಗಳಿಗೆ ಹೊಸದು. ಕನ್ನಡದ ಕಾಗುಣಿತ ಪರೀಕ್ಷಕಗಳನ್ನು ಮಾಡುವವರು ಪ್ರತ್ಯಯಗಳ ಪಟ್ಟಿಯೊಂದನ್ನು ಬೇರೆಯಾಗಿ ಇಟ್ಟು, ರೋಮನ್ ಅಕ್ಷರದ ಬೆನ್ನಿಗೆ ಬಂದ ಪ್ರತ್ಯಯವನ್ನು ಸ್ವೀಕರಿಸುವಂತೆ ಮಾಡಿದರೆ ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರಿಗೆ ದೊಡ್ಡ ಉಪಕಾರವಾದೀತು. ಗಣಕವಿಜ್ಞಾನದ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಹಾಕಬಹುದಾದ ಕೆಲಸವಿದು. ದೊಡ್ಡ ಬಂಡವಾಳವನ್ನೇನೂ ಬೇಡುವುದಿಲ್ಲ.

ತುಳುವಿನ ವಿಷಯದಲ್ಲಿ ಇನ್ನೊಂದು ಮಾತು. 'ತುಳು' ಎಂದು ಗುರುತು ಹಾಕಿದರೂ ಆ ಭಾಷೆಯ ನಿಘಂಟು ತಂತ್ರಾಂಶದಲ್ಲಿ ಇಲ್ಲದಿದ್ದರೆ ಲಾಭವೇನು ಎಂದು ಕೇಳುವವರುಂಟು. ಕೂಡಲೇ ಆಗುವ ಲಾಭವೆಂದರೆ ಕನ್ನಡದ ನಿಘಂಟು ಆ ಪದಗಳ ತಂಟೆಗೆ ಬರುವುದಿಲ್ಲ, ಕೆಂಪುಗೆರೆಗಳು ಮಾಯವಾಗಿ ನಿಜವಾದ ತಪ್ಪು ಕಣ್ಣಿಗೆ ಬೀಳುವುದು. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಸ್ವಂತ ಕ್ಷೇತ್ರ ದೊರಕಿತು. 'ಪೆಲಕಾಯಿ'ಯನ್ನು ಇನ್ನು ಎರಡು ಲಿಪಿಗಳಲ್ಲಿ, ಎರಡು ಬೇರೆ ಬೇರೆ ಸಂಖ್ಯಾಸರಣಿಗಳಲ್ಲಿ ಬರೆಯಬಹುದು. ಭಾಷೆಯ ಗುರುತು ಮಾತ್ರ ಎರಡಕ್ಕೂ ಅದೇ 'ಟಿ-ಸಿ-ವೈ'. ಅದನ್ನು ಈಗಲೇ ಹಾಕಿಟ್ಟ ಕಡತಗಳಲ್ಲಿ, ಮುಂದೆ ತುಳುವಿನ ನಿಘಂಟನ್ನು ತಂತ್ರಾಂಶಕ್ಕೆ ಸೇರಿಸಿದ ದಿನ, ಬರೆದವಳು ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ. ಕಡತವನ್ನು ತೆರೆದೊಡನೆ ಪರೀಕ್ಷೆ ತಾನಾಗಿಯೇ ಆರಂಭವಾಗುವುದು.